ಪೆಲಲ್ಯನ ಖಾಲಿ ಜಾಗ

ನಮ್ಮೂರಿನ ಪೆಲಲ್ಯ ಬರುವುದಕ್ಕೆ ಮುಂಚೆ ಅವನ ದೇವರುಗಳ ಸದ್ದು ಬರುತ್ತಿತ್ತು. ಯೆಹೂದದ ಬೆಟ್ಟದೂರುಗಳಲ್ಲಿ ಎಲ್ಲರೂ ಹೊದೆಯುವಂಥದೇ ಉಣ್ಣೆಯ ಮೇಲಂಗಿ ಅವನದು. ನಮ್ಮ ಒಬ್ಬನೇ ದೇವರಾದ ಯೆಹೋವನ ಆಜ್ಞೆಯಂತೆ ನಾಲ್ಕು ಮೂಲೆಗೂ ಗೊಂಡೆಗಳು ತೂಗುತ್ತಿದ್ದವು. ಆದರೆ ಒಳಮಡಿಕೆಯಲ್ಲಿ ಮಳೆಗೆಂದು ಕಂಚಿನ ಬಾಳದೇವ, ಬಸುರಿ ಬಾಣಂತಿಯರಿಗೆಂದು ಮಣ್ಣಿನ ಅಶೇರಮ್ಮ, ಹಲ್ಲುನೋವಿಗೆಂದು ಐಗುಪ್ತದಿಂದ ಬಂದ ಬೆಕ್ಕಿನ ಮುಖದವನೊಬ್ಬ, ಹೀಗೆ ಪುಟ್ಟ ಮೂರ್ತಿಗಳ ಒಂದು ಸಂಸಾರವೇ ವಾಸವಾಗಿತ್ತು. ಆ ಭಾರಕ್ಕೆ ಎಡಭುಜ ಇಳಿದು, ಯಾರದೋ ಗುಟ್ಟು ಕೇಳಿಸಿಕೊಳ್ಳುವವನಂತೆ ಸದಾ ವಾಲಿಕೊಂಡು ನಡೆಯುತ್ತಿದ್ದ. ನನ್ನ ಎಣ್ಣೆಗಾಣ ಅವನ ಮನೆಗೆ ಅಂಟಿಕೊಂಡೇ ಇದ್ದುದರಿಂದ ಆ ಕಿಣಿಕಿಣಿ ನನಗೆ ದಿನನಿತ್ಯದ್ದು.

ಇಂಥವನು ಹೆಂಡತಿ ಅಟಾರಳ ವಿಷಯದಲ್ಲಿ ಮಾತ್ರ ಮಹಾ ಸಂಶಯದ ಪ್ರಾಣಿ. ಅವಳು ಬಾವಿಯ ಬಳಿ ಯಾವನೋ ಒಂಟೆಯವನಿಗೆ ದಾರಿ ತೋರಿಸಿದರೂ ಪೆಲಲ್ಯನಿಗೆ ಅಂದು ಊಟ ಸೇರುತ್ತಿರಲಿಲ್ಲ. ಒಮ್ಮೆ ಊರಬಾಗಿಲಲ್ಲಿ ಪ್ರವಾದಿ ಮಹ್ಸೇಯ, ಗಂಡನನ್ನು ಬಿಟ್ಟು ಕಂಡವರ ಹಿಂದೆ ಹೋದ ಹೆಂಗಸಿನಂತೆ ಈ ಜನ ಯೆಹೋವನಿಗೆ ದ್ರೋಹ ಬಗೆದರೆಂದು ಗಂಟಲು ಹರಿಯುವಂತೆ ಕೂಗಿದಾಗ, ಎಲ್ಲರಿಗಿಂತ ಮೊದಲು ತಲೆದೂಗಿದವನು ಪೆಲಲ್ಯನೇ.

“ಅಂಥೋಳನ್ನ ಮನೇಲಿ ಇಟ್ಕೋಬಾರದು, ಸ್ವಾಮಿ,” ಎಂದ.

ಅಟಾರ ಅವನ ಮೇಲಂಗಿಯ ಅಂಚು ಹಿಡಿದು ಮೆಲ್ಲಗೆ ಅಲ್ಲಾಡಿಸಿದಳು. ಕಿಣಿಕಿಣಿ ಕೇಳಿ ಜನವೆಲ್ಲ ನಕ್ಕರು.

“ಅವರು ಬೈತಿರೋದು ನಿನ್ನನ್ನೇ,” ಎಂದಳು.

“ನಾನೇನು ಹೆಂಗಸಾ? ಗಡ್ಡ ಕಾಣಲ್ವಾ ಅವರಿಗೆ?”

ಅವನ ಮಗಳು ಯೆರಿಯೋತ ಮೊದಲೆರಡು ಕೂಸುಗಳನ್ನು ಮಣ್ಣಿಗೆ ಕೊಟ್ಟವಳು. ಓಲಿವ್ ಕಾಯಿ ಉದುರಿಸುವ ಕಾಲದಲ್ಲಿ ಅವಳಿಗೆ ಮತ್ತೆ ಹೆರಿಗೆನೋವು ಬಂದಾಗ ಪೆಲಲ್ಯ ಹೊಸ್ತಿಲ ಮುಂದೆ ಮೇಲಂಗಿ ಹಾಸಿ, ದೇವರುಗಳನ್ನು ಸಾಲಾಗಿ ಕೂರಿಸಿ, ಒಬ್ಬೊಬ್ಬರ ನೆತ್ತಿಗೂ ಎಣ್ಣೆ ಹಚ್ಚಿದ. ಸಾಲಿನ ತುದಿಯಲ್ಲಿ ಬರಿಯ ಬಟ್ಟೆಯ ಮೇಲೂ ಸುರಿದ.

“ಅಲ್ಲಿ ಯಾರಿಗಯ್ಯ ಎಣ್ಣೆ?” ಎಂದು ಕೇಳಿದೆ.

“ಅದು ಯೆಹೋವನ ಜಾಗ. ಅವನಿಗೆ ಮೂರ್ತಿ ಮಾಡಬಾರದಲ್ಲ. ನಾನು ನಿಯಮ ಮೀರೋನಲ್ಲಪ್ಪ.”

ನನಗೆ ನಗು ಉಕ್ಕಿತು. ಅಷ್ಟರಲ್ಲಿ ಒಳಗಿನ ಕೂಗು ನಿಂತು, ಸೂಲಗಿತ್ತಿ ಬಾಗಿಲಿಗೆ ಬಂದಳು. “ಕೂಸು ಅಡ್ಡ ನಿಂತಿದೆ. ಯೆರಿಯೋತಳಾದರೂ ಉಳೀಲಿ ಅಂತ ಬೇಡ್ಕೋ,” ಎಂದಳು.

ಪೆಲಲ್ಯ ಆ ಖಾಲಿ ಜಾಗದ ಮೇಲೆ ಬೋರಲು ಬಿದ್ದ. ಮೊಣಕೈ ತಗುಲಿ ಬಾಳ ಉರುಳಿದ, ಅಶೇರಮ್ಮನ ಕತ್ತು ಮುರಿಯಿತು. ಅವನು ನೋಡಲೇ ಇಲ್ಲ. “ನೀನೊಬ್ಬನೇ. ಇವರು ಯಾರೂ ನನಗೆ ಗೊತ್ತಿಲ್ಲ. ನನ್ನ ಮಗಳನ್ನ ಕೊಡು,” ಎಂದು ಎಣ್ಣೆಯಲ್ಲಿ ಮುಖ ಉಜ್ಜುತ್ತ ಅತ್ತ. ನಾನೂ ಅತ್ತೆ.

ಸಂಜೆಗೆ ಮುಂಚೆ ಕೂಸು ಅತ್ತಿತು. ತಾಯಿಯೂ ಉಳಿದಳು. ಪೆಲಲ್ಯ ಕಣ್ಣೊರೆಸಿಕೊಂಡು, ಅಶೇರಮ್ಮನ ತಲೆಯನ್ನು ಹುಡುಕಿ ನನ್ನ ಬಳಿ ತಂದ.

“ಸ್ವಲ್ಪ ಅಂಟು ಕೊಡು. ಪಾಪ, ಅವಳೂ ಒದ್ದಾಡಿದ್ದಾಳೆ.”

ಎಂಟನೆಯ ದಿನ ಗಂಡುಕೂಸಿನ ಸುನ್ನತಿಯ ಊಟ. ಅಂಟಿಸಿದ ಕತ್ತಿನ ಅಶೇರಮ್ಮನಿಂದ ಹಿಡಿದು ದೇವರುಗಳ ಸಂಸಾರವೆಲ್ಲ ಅದೇ ಮೇಲಂಗಿಯ ಮೇಲೆ ಸಾಲಾಗಿ ಕೂತಿತ್ತು. ತುದಿಯಲ್ಲಿ, ಎಣ್ಣೆಯ ಕಲೆಯ ಮೇಲೆ, ಒಣದ್ರಾಕ್ಷಿಯ ಉಂಡೆಗಳ ಬುಟ್ಟಿ. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ಪೆಲಲ್ಯ, “ಜಾಗ ಖಾಲಿಯಿತ್ತಲ್ಲ, ಇಟ್ಟೆ,” ಎಂದ.

ಇಂಥವರನ್ನು ದ್ರೋಹಿಗಳೆನ್ನಲು ನನಗೆ ನಾಲಗೆ ಏಳುವುದಿಲ್ಲ. ಅಳಬೇಕಾದಾಗ ಯಾರ ಬಳಿ ಹೋಗಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು; ನಗುವಾಗ ಮಾತ್ರ ಮರೆತುಹೋಗುತ್ತದೆ. ಪ್ರವಾದಿಗಳ ಬಾಯಲ್ಲಿ ಗುಡುಗುವ, ಯೆಹೋವನೆಂಬ ಆ ಗಂಡನ ಕೋಪ, ತನ್ನ ಮನೆಯ ಹಬ್ಬದೂಟಕ್ಕೆ ತನಗೇ ಕರೆಯಿಲ್ಲದೆ ಹೊಸ್ತಿಲಲ್ಲಿ ನಿಂತವನ ಕೋಪವಿರಬೇಕೆಂದು ಅಂದಿನಿಂದ ನನಗನ್ನಿಸುತ್ತದೆ.