ಎರಡನೆಯ ಕೀಬೋರ್ಡು

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನಿಗೆ ಬಿಎಸ್‌ಡಿ ಯಾಕೆ ಬೇಕು ಅಂತ ಶ್ರೀಕಾಂತನನ್ನು ಕೇಳದವರಿರಲಿಲ್ಲ. ಊರಿಗೆಲ್ಲ ವಿಂಡೋಸ್ ಸಾಕಾದರೂ ಇವನಿಗೆ ಯಾರೂ ಹೆಸರು ಕೇಳದ ಆ ಆಪರೇಟಿಂಗ್ ಸಿಸ್ಟಮ್ಮೇ ಆಗಬೇಕು. "ಒಂದ್ಸಲ ಹಾಕಿದ್ರೆ ಮತ್ತೆ ಮುಟ್ಟೋದೇ ಬೇಡ ಮಾರಾಯ" ಎನ್ನುತ್ತಿದ್ದ. ಮಾತು ಸುಳ್ಳಾಗಲಿಲ್ಲ. ಅವನು ತೀರಿಕೊಂಡ ಮೇಲೂ ಅಂಗಡಿಯ ಮೂಲೆಯ ಆ ಕಂಪ್ಯೂಟರು ಯಾರೂ ಮುಟ್ಟದೆ ವರ್ಷದ ಹತ್ತಿರ ಓಡಿತು. ಹೋದ ತಿಂಗಳು ನಿಂತಿತು.

ಡಿಸ್ಕು ಒಂದೇ, ಅದರಲ್ಲಿ ಭಾಗ ಎರಡು. ಸಿಸ್ಟಮ್ ಇದ್ದ ಮೊದಲ ಭಾಗ ಕೆಟ್ಟಿತ್ತು. ಎರಡನೆಯದರಲ್ಲಿ ಶ್ರೀಕಾಂತನ ದನಿಯಿತ್ತು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೈಕಿನ ಮುಂದೆ ಹಾಡಿದ್ದು, ಹೆಂಡತಿ ನಯನಳನ್ನು ರೇಗಿಸಿದ್ದು, ಏನೂ ಹೇಳಲು ತೋಚದೆ ಬರೀ ನಕ್ಕಿದ್ದು, ಎಲ್ಲ ಅಲ್ಲಿತ್ತು, ಬೇರೆಲ್ಲೂ ಇರಲಿಲ್ಲ. ಮೊದಲ ಭಾಗಕ್ಕೆ ಹೊಸದಾಗಿ ಬಿಎಸ್‌ಡಿ ಹಾಕಿದರೆ ಎರಡನೆಯದು ತೆರೆದುಕೊಳ್ಳುತ್ತದೆ ಎಂದು ನಯನಳಿಗೆ ಗೊತ್ತಿತ್ತು. ಹಾಕುವಾಗ ಕೈತಪ್ಪಿ ಎರಡನೆಯದನ್ನು ಆರಿಸಿದರೆ ಆ ದನಿ ಒರೆಸಿಹೋಗುತ್ತದೆ ಎಂಬುದೂ ಗೊತ್ತಿತ್ತು.

ಬಿಎಸ್‌ಡಿ ತುಂಬಿದ ಪೆನ್‌ಡ್ರೈವ್ ಸಿಕ್ಕಿಸಿ ಕೂತ ಮೊದಲ ಸಂಜೆ ಕೀಬೋರ್ಡೇ ಸತ್ತುಹೋಯಿತು. ಯಾವ ಗುಂಡಿ ಒತ್ತಿದರೂ ಪರದೆ ಮಿಸುಕಲಿಲ್ಲ. ಶೃಂಗೇರಿಯಲ್ಲಿದ್ದ ರಾಕೇಶನಿಗೆ ಫೋನ್ ಮಾಡಿದಳು. ಶ್ರೀಕಾಂತನಿಗೆ ಈ ಹುಚ್ಚು ಹಿಡಿಸಿದ ಗೆಳೆಯ ಅವನೇ.

"ಬಯಾಸ್‌ಗೆ, ಅದೇ ಕಂಪ್ಯೂಟರು ಏಳೋ ಮೊದ್ಲಿನ ಸೆಟ್ಟಿಂಗಿಗೆ, ಹೋಗಿ ಯುಎಸ್‌ಬಿ ಲೆಗಸಿ ಅಂತ ಇರ್ತದೆ ಅತ್ತಿಗೆ, ಅದನ್ನ ಆಫ್ ಮಾಡಿ. ಕೀಬೋರ್ಡನ್ನ ಹಿಂದುಗಡೆ ಪೋರ್ಟಿಗೆ ಹಾಕಿ. ಪೆನ್‌ಡ್ರೈವಿಗೂ ಅದಕ್ಕೂ ಜಗಳ ಆಗ್ತಿರ್ತದೆ" ಎಂದ.

ಹಾಗೇ ಮಾಡಿದಳು, ಕೀಬೋರ್ಡಿಗೆ ಜೀವ ಬಂತು. ಮರುದಿನ ಸಂಜೆ ಕಂಪ್ಯೂಟರಿಗೆ ಹೆಸರು ಕೊಡುವ ಜಾಗ ಬಂದಾಗ ನಯನ ಟೀ ಲೋಟ ಹಿಡಿದಿದ್ದಳು. ಅವಳ ಎರಡೂ ಕೈ ಲೋಟದ ಮೇಲಿದ್ದಂತೆಯೇ ಪರದೆಯ ಮೇಲೆ ಅಕ್ಷರಗಳು ಮೂಡತೊಡಗಿದವು. ಅರ್ಥವಿಲ್ಲದ, ಒಂದರ ಹಿಂದೊಂದು ಅಕ್ಷರಗಳು. ಟೀ ಸೀರೆಯ ಮೇಲೆ ಚೆಲ್ಲಿತು. ಕಂಪ್ಯೂಟರು ಏಳುವಾಗ ಓಡುವ ಸಾಲುಗಳನ್ನು ಹಿಂದಕ್ಕೆ ಸರಿಸಿ ನೋಡಿದರೆ ಕೀಬೋರ್ಡು ಒಂದು, ಕೀಬೋರ್ಡು ಎರಡು ಎಂದಿತ್ತು. ಮೇಜಿನ ಮೇಲಿದ್ದದ್ದು ಒಂದೇ.

ಮೂರನೆಯ ಸಂಜೆ ಡಿಸ್ಕಿನ ಭಾಗ ಆರಿಸುವ ಪರದೆ ಬಂತು. ಗುರುತು ಮೊದಲ ಭಾಗದ ಮೇಲಿತ್ತು. ಅಂಗಡಿಯ ಮೇಲಿನ ಮನೆಯ ದೇವರ ಕೋಣೆಯಲ್ಲಿ ಅತ್ತೆ ಯಮುನಮ್ಮ ದೀಪ ಹಚ್ಚುವ ಹೊತ್ತು. ನಯನ ನೋಡುತ್ತಿದ್ದಂತೆ ಗುರುತು ತಾನಾಗಿ ಕೆಳಗಿಳಿದು ಎರಡನೆಯ ಭಾಗದ ಮೇಲೆ ಕೂತಿತು. ಅವಳು ಮೇಲಕ್ಕೆ ತಂದಳು, ಅದು ಮತ್ತೆ ಇಳಿಯಿತು. ತಕ್ಷಣ ಪ್ಲಗ್ ಕಿತ್ತಳು.

"ಬೇಡ ಅಂತೀರೇನ್ರೀ?" ಎಂದು ಕಪ್ಪಾದ ಪರದೆಯನ್ನು ಕೇಳಿದಳು. "ನಿಮ್ಮ ದನಿ ನಂಗೆ ಸಿಗಬಾರ್ದಾ?"

ದೆವ್ವ ಭೂತ ನಂಬುವವಳಲ್ಲ ನಯನ. ಆದರೂ ಆ ರಾತ್ರಿ ಅವಳಿಗೆ ಅನ್ನ ಸೇರಲಿಲ್ಲ. ಅತ್ತೆ ಮಾತ್ರ ಗೆಲುವಾಗಿದ್ದರು. ತಿಂಗಳಿಂದ ಮಾತೂ ಆಡದೆ ಮಂಕಾಗಿದ್ದವರು ಈ ಮೂರು ದಿನದಿಂದ ಹಾಡು ಗುನುಗುತ್ತಾ ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದರು. ನಯನಳಿಗೆ ಅದನ್ನು ಯೋಚಿಸುವಷ್ಟು ವ್ಯವಧಾನ ಇರಲಿಲ್ಲ.

"ಕೀಬೋರ್ಡು, ಪೆನ್‌ಡ್ರೈವ್ ಬಿಟ್ಟು ಇದ್ದಬದ್ದ ಯುಎಸ್‌ಬಿ ಎಲ್ಲ ಕೀಳಿ. ಆಗ್ಲೂ ಎರಡು ತೋರಿಸಿದ್ರೆ ಪೆಟ್ಟಿಗೆ ಬಿಚ್ಚಿ ನೋಡಿ" ಎಂದ ಮರುದಿನ ಫೋನಿನಲ್ಲಿ ಸಿಕ್ಕ ರಾಕೇಶ.

ಎಲ್ಲ ಕಿತ್ತರೂ ಎರಡೇ ತೋರಿಸಿತು. ನಾಲ್ಕನೆಯ ಸಂಜೆ ಪೆಟ್ಟಿಗೆ ಬಿಚ್ಚಿ ಟಾರ್ಚ್ ಬಿಟ್ಟಳು. ಒಳಮೂಲೆಯಲ್ಲಿ, ಧೂಳಿನಡಿ, ಉಗುರಿನಷ್ಟು ಚಿಕ್ಕ ರಿಸೀವರು. ಗಿರಾಕಿಗಳು ತಾಗಿಸಿ ಮುರಿಯುತ್ತಾರೆಂದು ಶ್ರೀಕಾಂತ ಒಳಗೇ ಸಿಕ್ಕಿಸಿದ್ದ. ಅವನ ವೈರ್ ಇಲ್ಲದ ಕೀಬೋರ್ಡಿನದು ಅದು. ಆ ಕೀಬೋರ್ಡು ಎಲ್ಲಿದೆ ಎಂದು ಇಡೀ ಮನೆಗೆ ಗೊತ್ತು. ಆಯುಧಪೂಜೆಗೆಂದು ಶ್ರೀಕಾಂತನೇ ಅದನ್ನು ದೇವರ ಮುಂದೆ ಇಟ್ಟಿದ್ದ. ಮರುದಿನ ಎತ್ತುವ ಮೊದಲೇ ನರಸಿಂಹರಾಜಪುರದ ರಸ್ತೆಯ ತಿರುವಿನಲ್ಲಿ ಬೈಕಿನಿಂದ ಬಿದ್ದ. ಇಟ್ಟವನೇ ಎತ್ತಬೇಕು ಎಂದು ಯಮುನಮ್ಮ ಅದನ್ನು ಕದಲಿಸಲು ಬಿಡಲಿಲ್ಲ. ದಿನಾ ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಿ ಕುಂಕುಮ ಇಡುತ್ತಿದ್ದರು. ಗೋಡೆ ಗಡಿಯಾರದ ಸೆಲ್ಲುಗಳು ಪದೇ ಪದೇ ಎಲ್ಲಿ ಮಾಯವಾಗುತ್ತಿದ್ದವೆಂದು ನಯನಳಿಗೆ ಈಗ ತಿಳಿಯಿತು.

ರಿಸೀವರು ಕಿತ್ತು ಯಂತ್ರ ಹಚ್ಚಿದಳು. ಕೀಬೋರ್ಡು ಒಂದು ಎಂದಷ್ಟೇ ಬಂತು. ಅವಳಿಗೆ ನಗು ಬಂತು, ಅಳುವೂ ಬಂತು. ಅತ್ತೆಗೆ ತೋರಿಸಿಬಿಡೋಣವೆಂದು ರಿಸೀವರನ್ನು ಮುಷ್ಟಿಯಲ್ಲಿ ಹಿಡಿದು ಮಹಡಿ ಹತ್ತಿದಳು.

ಯಮುನಮ್ಮ ಕೀಬೋರ್ಡಿನ ಮುಂದೆ ಕೂತು ಎಡಗಡೆಯ ಕ್ಯಾಪ್ಸ್ ಲಾಕ್ ಗುಂಡಿಯ ಮೇಲೆ ಬೆರಳಿಟ್ಟಿದ್ದರು. ಕೆಳಗಿನ ಯಂತ್ರದ ಜೊತೆ ನಂಟಿದ್ದಾಗ ಒತ್ತಿದರೆ ಹಸಿರು ದೀಪ ಹತ್ತುವ ಗುಂಡಿ ಅದೊಂದೇ.

"ಬಾ, ಕೂತ್ಕೋ" ಎಂದರು. "ನಿಂಗೆ ಹೇಳಿರ್ಲಿಲ್ಲ, ನಗ್ತೀಯ ಅಂತ. ದಿನಾ ಒಂದು ಮಾತು ಕೇಳಿ ಇದನ್ನ ಒತ್ತುತ್ತೀನಿ. ದೀಪ ಹತ್ತಿದ್ರೆ ಹೌದು ಅಂತ, ಇಲ್ದಿದ್ರೆ ಇಲ್ಲ ಅಂತ. ಹೋದ ತಿಂಗಳು ಏನು ಕೇಳಿದ್ರೂ ಇಲ್ಲ ಅಂತಿದ್ದ, ಸಿಟ್ಟಾಗಿದ್ದ ಅನ್ಸುತ್ತೆ. ಮೊನ್ನೆಯಿಂದ ಮತ್ತೆ ಮಾತಾಡ್ತಿದಾನೆ. ಒಂದು ಕೇಳೋಕೆ ಮಾತ್ರ ಇಷ್ಟು ದಿನ ಧೈರ್ಯ ಬಂದಿರ್ಲಿಲ್ಲ ಕಣೆ."

ನಯನ ರಿಸೀವರು ಹಿಡಿದ ಮುಷ್ಟಿಯನ್ನು ಸೆರಗಿನಡಿ ಮುಚ್ಚಿದಳು. ಯಮುನಮ್ಮ ಬಾಗಿ, ಮಲಗಿದ ಮಗುವನ್ನು ಎಬ್ಬಿಸುವಷ್ಟು ಮೆತ್ತಗೆ ಕೇಳಿದರು, "ಬಿದ್ದಾಗ ತುಂಬಾ ನೋವಾಯ್ತೇನೋ ಮಗಾ?"

ಒತ್ತಿದರು. ದೀಪ ಹತ್ತಲಿಲ್ಲ.

"ಇಲ್ವಂತೆ" ಎಂದರು, ಕಣ್ಣಲ್ಲಿ ಧಾರಾಕಾರ ನೀರು. "ನಯನಾ, ನೋವಾಗ್ಲಿಲ್ವಂತೆ!"

ಶಿವಮೊಗ್ಗದವರೆಗೂ ಆಂಬುಲೆನ್ಸಿನಲ್ಲಿ ಅವನ ಪಕ್ಕ ಕೂತಿದ್ದವಳು ನಯನ. ದಾರಿಯುದ್ದಕ್ಕೂ ಅವನು ನರಳಿದ್ದು ಅವಳ ಕಿವಿ ಬಿಟ್ಟು ಹೋಗಿರಲಿಲ್ಲ. "ಹೌದತ್ತೆ, ಆಗಿಲ್ಲ" ಎಂದಳು.

"ಇರು, ಇನ್ನೊಂದು ಕೇಳ್ತೀನಿ. ಅಮ್ಮನ ನೆನಪು ಬರ್ತದಾ ಅಂತ."

ಬೆರಳು ಗುಂಡಿಯತ್ತ ಇಳಿಯಿತು. ನಯನ ಅವರ ಕೈ ಹಿಡಿದಳು. "ಬೇಡ ಅತ್ತೆ. ಅವರಿಗೂ ಸುಸ್ತಾಗಿರ್ತದೆ. ನಾಳೆ ಕೇಳಿ."

ಯಮುನಮ್ಮ ಚಿಕ್ಕ ಹುಡುಗಿಯ ಹಾಗೆ ತಲೆಯಾಡಿಸಿ ಅಡುಗೆಮನೆಗೆ ಹೋದರು. ನಯನ ಕೆಳಗೆ ಬಂದು ಮೊದಲ ಭಾಗವನ್ನು ಆರಿಸಿ ಒಪ್ಪಿಗೆ ಕೊಟ್ಟಳು. ಸಿಸ್ಟಮ್ ಎದ್ದಿತು, ಎರಡನೆಯ ಭಾಗ ತೆರೆದುಕೊಂಡಿತು, ಶ್ರೀಕಾಂತ ನಕ್ಕ ದನಿ ಅಂಗಡಿಯಲ್ಲಿ ಕೇಳಿಸಿತು. ಅವಳು ಬಯಸಿದ್ದೆಲ್ಲ ಅದೇ ಆಗಿತ್ತು. ಆದರೆ ಆ ನಗು ಅವಳು ಕೇಳಿದ್ದಕ್ಕೆ ಉತ್ತರ ಕೊಡುವಂಥದ್ದಲ್ಲ, ಎಷ್ಟು ಸಲ ಹಾಕಿದರೂ ಅಷ್ಟೇ ನಕ್ಕು ನಿಲ್ಲುತ್ತಿತ್ತು.

ರಿಸೀವರನ್ನು ಮತ್ತೆ ಅದೇ ಮೂಲೆಗೆ ಸಿಕ್ಕಿಸಿದಳು. ನಾಳೆ ದೀಪ ಹತ್ತಲೇಬೇಕು, ಹತ್ತದಿದ್ದರೆ ಕೆಳಗಿನಿಂದ ತಾನೇ ಹತ್ತಿಸಬೇಕು. ಆಗುತ್ತದೋ ಇಲ್ಲವೋ ನೋಡಲು ತನ್ನ ಕೀಬೋರ್ಡಿನ ಅದೇ ಗುಂಡಿ ಒತ್ತಿ ಮಹಡಿಗೆ ಓಡಿದಳು. ದೇವರ ಕೋಣೆಯಲ್ಲಿ ಯಾರೂ ಇರಲಿಲ್ಲ. ಕುಂಕುಮದ ಪಕ್ಕ ಹಸಿರು ದೀಪ ಹತ್ತಿತ್ತು.

ತಾನೇ ಹಚ್ಚಿ ಬಂದದ್ದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಾಗಿಲು ಮುಂದೆ ಮಾಡಿ, ಅದರೆದುರು ಕೂತು, "ಇದ್ದೀರಾ?" ಎಂದು ಕೇಳಿದಳು.