ಲೆನ್ನಿ ನೋಡದೆ ಗೆಲ್ಲಿಸಿದ ಪಂದ್ಯ

ಆಗಸ್ಟ್ ಹನ್ನೆರಡರಂದು ಅಮೆರಿಕದ ಟೊಲೀಡೊ ನಗರದ ಹೆರನ್ಸ್ ಬೇಸ್‌ಬಾಲ್ ತಂಡ ಹನ್ನೊಂದು–ಸೊನ್ನೆಯಲ್ಲಿ ಸೋತಾಗ, ಬಸ್ ಡ್ರೈವರ್ ಲೆನ್ನಿ ಗ್ರಾಬೊವ್ಸ್ಕಿ ವಿಲ್ಮಾಳ ಬಾರಿನಲ್ಲಿ ಎದ್ದು ನಿಂತು, ತಲೆಯ ಮೇಲಿದ್ದ ತಂಡದ ಟೋಪಿ ತೆಗೆದು ಕಡಲೆಕಾಯಿ ಸಿಪ್ಪೆಯ ಬುಟ್ಟಿಗೆ ಎಸೆದ.

"ಈ ಕೊಕ್ಕರೆಗಳ ಆಟ ಇನ್ನೊಂದ್ಸಲ ನೋಡಿದ್ರೆ ನಾನು ನಮ್ಮಪ್ಪನ ಮಗನೇ ಅಲ್ಲ!"

ಹೆರನ್ ಎಂದರೆ ಕೊಕ್ಕರೆಯೇ. ಆಟಗಾರರ ಅಂಗಿಯ ಮೇಲೆ ಕೊಕ್ಕರೆಯೊಂದು ಒಂಟಿಕಾಲಿನಲ್ಲಿ ನಿಂತಿರುತ್ತದೆ. ಇಪ್ಪತ್ತೊಂಬತ್ತು ವರ್ಷಗಳಿಂದ ತಂಡವೂ ಹಾಗೆಯೇ ನಿಂತಿತ್ತು. ಒಮ್ಮೆಯೂ ಋತುವಿನ ಕೊನೆಯ ಪ್ರಶಸ್ತಿ ಸುತ್ತಾದ ಪ್ಲೇ-ಆಫ್‌ನ ಮುಖ ಕಂಡಿರಲಿಲ್ಲ. ಲೆನ್ನಿಯ ಶಪಥಕ್ಕೆ ಬಾರಿನಲ್ಲಿ ಯಾರೂ ತಲೆ ಎತ್ತಲಿಲ್ಲ. ಪ್ರತಿ ಆಗಸ್ಟ್‌ನಲ್ಲೂ ಯಾರಾದರೊಬ್ಬರು ಇಂಥ ಶಪಥ ಮಾಡುವುದು ಅಲ್ಲಿ ವಾಡಿಕೆ.

ಆದರೆ ಮರುದಿನದಿಂದ ಹೆರನ್ಸ್ ಗೆಲ್ಲತೊಡಗಿತು. ಸತತ ಆರು ಪಂದ್ಯ ಗೆದ್ದಿತು. ತಡೆಯಲಾಗದೆ ಲೆನ್ನಿ ಏಳನೆಯದನ್ನು ಕದ್ದು ನೋಡಿದ, ಸೋತರು. ಮತ್ತೆ ಬಿಟ್ಟ, ಮತ್ತೆ ಗೆದ್ದರು. ಸೆಪ್ಟೆಂಬರ್ ನಡುವಿಗೆ ಇನ್ನೆರಡು ಸಲ ಇಣುಕಿದ. ಎರಡೂ ಸಲ ಸೋಲು. ಹೊಟ್ಟೆಯಲ್ಲಿ ಮಾತು ನಿಲ್ಲದ ಲೆನ್ನಿ ಇದನ್ನೆಲ್ಲ ತಾನಾಗಿಯೇ ಗೆಳೆಯ ಆರ್ಲೋನ ಮುಂದೆ ಕಕ್ಕಿದ. ಆರ್ಲೋ ಕೊಳಾಯಿ ರಿಪೇರಿಯವನು. ಯಾವ ಆಟಗಾರ ಯಾವ ವಾರ ಎಷ್ಟು ಸಲ ಉಗುಳಿದ ಎಂಬುದಕ್ಕೂ ಅವನ ಬಳಿ ಅಂಕಿಸಂಖ್ಯೆ ಇರುತ್ತಿತ್ತು. ಅವನು ಕಾಗದದ ಕರವಸ್ತ್ರವೊಂದರ ಮೇಲೆ ಏನೋ ಗೀಚಿ, ನಿಧಾನವಾಗಿ ತಲೆ ಎತ್ತಿದ.

"ಲೇ ಲೆನ್ನಿ, ನೀನು ನೋಡ್ದೇ ಇದ್ದ ಪಂದ್ಯ ಇಪ್ಪತ್ತೇಳು. ಅದ್ರಲ್ಲಿ ಗೆದ್ದಿದ್ದು ಇಪ್ಪತ್ಮೂರು. ನೋಡಿದ್ದು ಮೂರು. ಮೂರೂ ಸೋಲು. ಶನಿ ಕಣ್ಣಯ್ಯ ನಿಂದು!"

"ಚೆಂಡು ಎಸೆಯೋ ಪಿಚರ್‌ಗೆ ಭುಜ ಸರಿಹೋಯ್ತು, ಅದ್ಕೆ ಗೆದ್ರು."

"ಭುಜ ಯಾವತ್ತು ಸರಿಹೋಯ್ತು? ಆಗಸ್ಟ್ ಹದಿಮೂರಕ್ಕೆ!"

ಅಂದಿನಿಂದ ಪಂದ್ಯ ಶುರುವಾದೊಡನೆ ವಿಲ್ಮಾ ಅವನ ಬಿಯರನ್ನು ಹೊರಗೆ, ಕಸದ ಡಬ್ಬಿಗಳ ಪಕ್ಕ ಕೊಡತೊಡಗಿದಳು. ಮನೆಯಲ್ಲಿ ಹೆಂಡತಿ ಡೋರೀನ್ ಟಿವಿಯ ತಂತಿಯನ್ನೇ ಕಿತ್ತು ಕೈಚೀಲಕ್ಕೆ ಹಾಕಿಕೊಂಡಳು. ಬಸ್ ಹತ್ತಿದವರೂ ಅವನಿಗೆ ಸ್ಕೋರ್ ಹೇಳುತ್ತಿರಲಿಲ್ಲ. ನಲವತ್ತು ವರ್ಷ ತಂಡವನ್ನು ಹಚ್ಚಿಕೊಂಡಿದ್ದವನನ್ನು ಊರೇ ಸೇರಿ ಸಾಂಕ್ರಾಮಿಕ ರೋಗಿಯಂತೆ ದೂರವಿಟ್ಟಿತು. ಒಳಗೊಳಗೇ ಲೆನ್ನಿಗೆ ಹೆಮ್ಮೆಯೂ ಆಯಿತು. ಆಡುವವರು ಇಪ್ಪತ್ತಾರು ಜನ, ಗೆಲ್ಲಿಸುವವನು ತಾನೊಬ್ಬ.

ಋತುವಿನ ಕೊನೆಯ ಭಾನುವಾರ ಬಂತು. ಅಂದು ಮಧ್ಯಾಹ್ನ ಒಮಾಹಾ ತಂಡವನ್ನು ಸೋಲಿಸಿದರೆ ಪ್ಲೇ-ಆಫ್, ಸೋತರೆ ಮನೆ. ಆರ್ಲೋ ಯಾವ ಅಪಾಯಕ್ಕೂ ಸಿದ್ಧನಿರಲಿಲ್ಲ. ಡೋರೀನಳ ಸೋದರತ್ತೆ ಬರ್ನಡೀನ್ ಊರಿಂದ ನಲವತ್ತು ಮೈಲಿಯಾಚೆ, ಸನ್ಯಾಸಿನಿಯರ ವೃದ್ಧಾಶ್ರಮದಲ್ಲಿದ್ದಳು. ಲೆನ್ನಿಯ ಫೋನ್ ಕಿತ್ತುಕೊಂಡು, ಕೈಗೊಂದು ಆಪಲ್ ಕೇಕ್ ಕೊಟ್ಟು, "ಸಂಜೆವರೆಗೆ ಅತ್ತೆ ಜೊತೆ ಜಪ ಮಾಡ್ಕೊಂಡಿರು" ಎಂದು ಅಟ್ಟಿದರು.

ವೃದ್ಧಾಶ್ರಮದ ಬಾಗಿಲು ತೆರೆದರೆ ಒಳಗಿಂದ ಕೇಕೆ. ದೊಡ್ಡ ಹಜಾರದಲ್ಲಿ ಒಂಬತ್ತು ಜನ ಸನ್ಯಾಸಿನಿಯರು, ಗಾಲಿಕುರ್ಚಿಯ ಮುದುಕಿಯರ ನಡುವೆ, ಗೋಡೆಯಷ್ಟು ದೊಡ್ಡ ಟಿವಿಯ ಎದುರು ಕುಳಿತಿದ್ದರು. ಮುಖ್ಯಸ್ಥೆ ಸಿಸ್ಟರ್ ಫಿಲೊಮೀನಾಳ ತಲೆವಸ್ತ್ರದ ಮೇಲೆ ಹೆರನ್ಸ್ ಟೋಪಿ.

"ಅಡ್ಡ ನಿಂತ್ಕೋಬೇಡಪ್ಪ, ಆ ನೀಲಿ ಕುರ್ಚೀಲಿ ಕೂತ್ಕೊ!"

ಲೆನ್ನಿ ಕಣ್ಣು ಮುಚ್ಚಿಕೊಂಡೇ ತೊದಲಿದ. "ಸಿಸ್ಟರ್, ನಾನು ನೋಡಿದ್ರೆ ಅವ್ರು ಸೋಲ್ತಾರೆ."

"ಯಾರು ಹೇಳಿದ್ದು?"

"ಆರ್ಲೋ. ಕೊಳಾಯಿ ಆರ್ಲೋ."

"ಈ ಆಕಾಶ ಭೂಮಿ ನಡೆಸೋನು ನೀನು ಕಣ್ಣು ಬಿಟ್ಯಾ ಮುಚ್ಚಿದ್ಯಾ ಅಂತ ನೋಡ್ಕೊಂಡು ಕೂತಿರ್ತಾನೇನಪ್ಪ? ಅಹಂಕಾರ ಅದು. ಪಾಪ! ಕಣ್ಣು ಬಿಡು."

ಬಿಟ್ಟ. ಮೊದಲ ಚೆಂಡಿನಿಂದ ಕೊನೆಯ ಚೆಂಡಿನವರೆಗೆ, ಬರ್ನಡೀನ್ ಅತ್ತೆಯ ಕೈ ಹಿಡಿದು, ಒಣದ್ರಾಕ್ಷಿಯ ರಸ ಕುಡಿಯುತ್ತ ನೋಡಿದ. ಕೊನೆಯ ಇನ್ನಿಂಗ್ಸ್. ಸ್ಕೋರ್ ಸಮ, ಮೂರು ಬೇಸ್‌ಗಳಲ್ಲೂ ಹೆರನ್ಸ್ ಆಟಗಾರರು, ಇಬ್ಬರು ಔಟ್. ಬ್ಯಾಟ್ ಹಿಡಿದು ಬಂದವನು ತಂಡದ ದಢೂತಿ ಕ್ಯಾಚರ್ ತ್ಯಾಡಿಯಸ್ ಕ್ರೌಚ್. ಎರಡು ವಾರದಿಂದ ಅವನ ಬ್ಯಾಟಿಗೆ ಚೆಂಡು ತಗುಲಿರಲಿಲ್ಲ. ಈಗಲೂ ತಗುಲಲಿಲ್ಲ. ಒಮಾಹಾದ ಪಿಚರ್ ಎಸೆದ ಚೆಂಡು ನೇರ ಬಂದು ಅವನ ಕುಂಡೆಗೆ ಬಡಿಯಿತು. ನಿಯಮದ ಪ್ರಕಾರ ಎಲ್ಲರೂ ಒಂದೊಂದು ಬೇಸ್ ಮುಂದೆ. ಮೂರನೆಯ ಬೇಸಿನಲ್ಲಿದ್ದವನು ನಡೆದುಕೊಂಡೇ ಹೋಮ್ ಬೇಸ್ ಮುಟ್ಟಿದ, ಗೆಲುವಿನ ರನ್ ಬಂತು. ಇಪ್ಪತ್ತೊಂಬತ್ತು ವರ್ಷಗಳ ಕನಸನ್ನು ಕ್ರೌಚ್ ತನ್ನ ಹಿಂಭಾಗದಿಂದ ನನಸು ಮಾಡಿದ್ದ. ಸನ್ಯಾಸಿನಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದರು. ಲೆನ್ನಿ ಗಳಗಳನೆ ಅತ್ತ.

ಊರಿಗೆ ಮರಳಿ ನಿಜ ಹೇಳಬೇಕೆಂದೇ ಇದ್ದ. ಆದರೆ ಬಾರಿನ ಬಾಗಿಲಲ್ಲೇ ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. "ನೋಡದೆ ಗೆಲ್ಲಿಸಿದ ಲೆನ್ನಿ!" ಎಂದು ಕೂಗಿದರು. ವಿಲ್ಮಾ ಅವನ ಫೋಟೊ ಗೋಡೆಗೆ ನೇತುಹಾಕಿದಳು. ಆರ್ಲೋ ಕಣ್ಣೊರೆಸಿಕೊಂಡು, "ಕುಂಡೆಗೆ ಬಿತ್ತು ಕಣೋ. ನೀನು ನೋಡ್ಬೇಕಿತ್ತು" ಎಂದ.

"ಹೌದಾ? ಯಾವ ಕಡೆಗೆ?" ಎಂದ ಲೆನ್ನಿ.

ಅಲ್ಲಿಗೆ ಅವನು ತನ್ನ ಸುಳ್ಳಿನೊಳಗೇ ಸಿಕ್ಕಿಬಿದ್ದ. ಪ್ಲೇ-ಆಫ್ ಶುರುವಾದಾಗ ಎಲ್ಲ ಸೇರಿ ಅವನನ್ನು ಈರೀ ಸರೋವರದ ದಡದ ಮೀನುಗಾರರ ಗುಡಿಸಲಿಗೆ ಸಾಗಿಸಿದರು. ಟಿವಿ ಇಲ್ಲ, ರೇಡಿಯೊ ಇಲ್ಲ, ಒಂದು ಗಾಳ, ಡಬ್ಬದ ಬೀನ್ಸ್. ಕದ್ದು ನೋಡಿದ ಪಾಪ ತೊಳೆಯಲೆಂದು ಈ ಸಲ ಲೆನ್ನಿ ಪ್ರಾಮಾಣಿಕನಾದ. ಪಕ್ಕದ ದೋಣಿಯವನು ರೇಡಿಯೊ ಹಾಕಿದಾಗ ಎರಡೂ ಕಿವಿಗೆ ಹತ್ತಿ ತುರುಕಿಕೊಂಡ. ನಾಲ್ಕು ದಿನ ಮೀನುಗಳ ಮುಖ ಬಿಟ್ಟು ಬೇರೇನೂ ನೋಡಲಿಲ್ಲ.

ಹೆರನ್ಸ್ ಮೂರಕ್ಕೆ ಮೂರೂ ಸೋತು ಹೊರಬಿತ್ತು.

ಅವನು ಬಾರಿಗೆ ಬಂದಾಗ ಫೋಟೊ ಆಗಲೇ ಗೋಡೆಯಿಂದ ಇಳಿದಿತ್ತು.

"ಕದ್ದು ನೋಡ್ದೆ ಅಲ್ವಾ?" ಎಂದ ಆರ್ಲೋ.

"ದೇವರಾಣೆ ಇಲ್ಲ ಕಣೋ!"

"ಮತ್ತೆ ಹೆಂಗೆ ಸೋತ್ರು?"

ಲೆನ್ನಿಯ ತಾಳ್ಮೆ ಹರಿಯಿತು. "ಆ ಭಾನುವಾರದ ಪಂದ್ಯ ಪೂರ್ತಿ ನೋಡಿದೀನಿ ನಾನು! ಒಂಬತ್ತು ಜನ ಸನ್ಯಾಸಿನಿಯರ ಜೊತೆ ಕೂತು! ಎಡಗಡೆ ಕುಂಡೆಗೆ ಬಿದ್ದಿದ್ದು!"

ಬಾರಿನಲ್ಲಿ ನಗೆಯ ಅಲೆ ಎದ್ದಿತು. ಸುಳ್ಳು ಮುಚ್ಚಲು ಸನ್ಯಾಸಿನಿಯರನ್ನು ಎಳೆದು ತಂದನಲ್ಲ ಎಂದು ವಿಲ್ಮಾ ಛೀಮಾರಿ ಹಾಕಿದಳು. ಕೊನೆಗೆ ಡೋರೀನಳೇ ವೃದ್ಧಾಶ್ರಮಕ್ಕೆ ಫೋನ್ ಹಚ್ಚಿ ಎಲ್ಲರಿಗೂ ಕೇಳುವಂತೆ ಹಿಡಿದಳು.

"ನೋಡಿದ, ನೋಡಿದ. ನಮ್ಮ ಜೊತೇಲೇ ಕೂತಿದ್ದ," ಎಂದಳು ಸಿಸ್ಟರ್ ಫಿಲೊಮೀನಾ. ಲೆನ್ನಿ ಎದೆಯುಬ್ಬಿಸಿದ. ಸಿಸ್ಟರ್ ತಿರುಗಿ ಕೇಳಿದಳು: "ಪ್ಲೇ-ಆಫ್‌ಗೆ ಯಾಕೆ ಕಳಿಸ್ಲಿಲ್ಲ ಅವನನ್ನ? ನೀಲಿ ಕುರ್ಚಿ ಖಾಲಿ ಬಿತ್ತಲ್ಲಮ್ಮ. ಅದ್ಕೇ ಸೋತಿದ್ದು."

ಆರ್ಲೋ ಲೆಕ್ಕ ಹಾಕಲು ಹೊಸ ಕಾಗದದ ಕರವಸ್ತ್ರ ಎಳೆದುಕೊಂಡ.

ಈಗ ಏಪ್ರಿಲ್, ಹೊಸ ಋತು. ಪ್ರತಿ ಭಾನುವಾರ ಲೆನ್ನಿ ನಲವತ್ತು ಮೈಲಿ ಹೋಗಿ ನೀಲಿ ಕುರ್ಚಿಯಲ್ಲಿ ಕುಳಿತು ಒಣದ್ರಾಕ್ಷಿಯ ರಸ ಕುಡಿಯಬೇಕು. ಸಿಸ್ಟರ್ ಎದ್ದೇಳಲು ಬಿಡುವುದಿಲ್ಲ. ಹೆರನ್ಸ್ ಇದುವರೆಗೆ ಒಂದೂ ಭಾನುವಾರ ಗೆದ್ದಿಲ್ಲ. ಅವನು ಕಾಲ ಮೇಲೆ ಕಾಲು ಹಾಕಿಕೊಂಡು ಕೂರುವುದೇ ಕಾರಣವಿರಬಹುದು ಎಂದು ಆಕೆಗೆ ಗುಮಾನಿ.