ಕಟ್ಟೆಯ ಬುಡದ ಒರತೆ

ಔರಾದ ಕಡೆಯ ಒಂದು ಊರು. ಪೊಲೀಸ್ ಆಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದ ಮರುವರ್ಷದ ಮಳೆಗಾಲ. ಹಳ್ಳಕ್ಕೆ ಕಟ್ಟಿದ ನೀರಾವರಿ ಕಟ್ಟೆ ತುಂಬಿ ನಿಂತಿತ್ತು. ಅದರ ಕೆಳಗೇ ಕುರಿ ಸಾಕುವ ಧೊಂಡಿಬಾನ ಮನೆ. ಕಟ್ಟೆಯ ಬುಡದಲ್ಲಿ ಹೊಸದೊಂದು ಒರತೆ ಎದ್ದಿತ್ತು. ಅವನ ಹೆಂಡತಿ ಪುತಳಾಬಾಯಿಗೆ ದೂರದ ಬಾವಿಗೆ ಹೋಗುವುದು ತಪ್ಪಿತು. ಒರತೆಗೆ ಅರಿಸಿನ ಕುಂಕುಮ ಏರಿಸಿ ಅಲ್ಲೇ ಕೊಡ ತುಂಬಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಗಾರೆ ಕೆಲಸದ ಗೌಂಡಿ ಮಕ್ಬೂಲ ಓಡಿಬಂದ. ಕಟ್ಟೆಯ ತೂಬು ಎತ್ತುವ, ಇಳಿಸುವ ಕೆಲಸ ಅವನದೇ.

"ಧೊಂಡಿಬಾ ಕಾಕಾ, ಒರತಿ ನೀರು ನಿನ್ನಿ ತಿಳಿ ಇತ್ತರಿ. ಇವತ್ತ ಕೆಂಪಾಗ್ಯಾದ. ಒಳಗಿಂದ ಕಟ್ಟಿ ಮಣ್ಣು ಕೊಚ್ಚಿಕೊಂಡು ಬರ್ಲಿಕತ್ತಾದ. ಮೊದಲ ಮನಿ ಖಾಲಿ ಮಾಡ್ರಿ."

ಮನೆ ಖಾಲಿ ಮಾಡುವ ಮಾತು ಆ ವರ್ಷ ಯಾರಿಗೂ ಬೇಡವಾಗಿತ್ತು. ಆಕ್ಷನ್ ಹೊತ್ತಿನ ಹಿಂದೂ-ಮುಸ್ಲಿಂ ಗಲಾಟೆಯಲ್ಲಿ ಊರು ಬಿಟ್ಟಿದ್ದ ಮಕ್ಬೂಲ ಮರಳಿ ಬಂದು ಎರಡೇ ತಿಂಗಳು. ಧೊಂಡಿಬಾ ಸಿಡಿದ.

"ಸೊಸಿ ಹಡದು ಐದ ದಿನ ಆಗ್ಯಾದ. ಹಸಿ ಬಾಣಂತೀನ ಮಳ್ಯಾಗ ಹೊರಗ ಹಾಕ್ಲಾ? ನಮಗ ಓಡ್ಸಿದ್ರ ನಿನಗೇನ್ ಸಿಗ್ತಾದೋ?"

ಮಾತು ನಾಟಿತು. ಆದರೂ ಮಕ್ಬೂಲ ಕದಲಲಿಲ್ಲ.

"ನನಗ ನಂಬಬ್ಯಾಡ್ರಿ. ಕಾಕಿ, ಒಂದ್ ತಂಬಿಗಿ ಒರತಿ ನೀರು ತಂದು ಇಡ್ರಿ."

ತಂಬಿಗೆಯ ನೀರು ನಿಧಾನವಾಗಿ ತಿಳಿಯಾಯಿತು. ಪುತಳಾಬಾಯಿ ಬಗ್ಗಿಸಿ ಚೆಲ್ಲಿದಳು. ತಳದಲ್ಲಿ ಮಣ್ಣು ದಪ್ಪಗೆ ಕೂತಿತ್ತು. ಅವಳು ಅದನ್ನು ಬೆರಳಿಂದ ತೋಡಿ ಗಂಡನಿಗೆ ತೋರಿಸಿದಳು.

"ಒಂದ್ ತಂಬಿಗ್ಯಾಗ ಇಷ್ಟ! ರಾತ್ರಿಯೆಲ್ಲಾ ಎಷ್ಟ ಹೋಗ್ಯಾದೋ!"

ಧೊಂಡಿಬಾ ಸಲಿಕೆ ಹಿಡಿದ. "ತೂತಿಗಿ ಮಣ್ಣು ತುರುಕ್ತೇನಿ."

"ಬ್ಯಾಡ್ರಿ ಕಾಕಾ! ಇಲ್ಲಿ ಮುಚ್ಚಿದ್ರ ಬ್ಯಾರೆ ಕಡಿ ಒಡೀತಾದ. ಮೊದಲ ಉಸುಕು, ಅದರ ಮ್ಯಾಲ ಸಣ್ಣ ಹರಳು, ಆಮ್ಯಾಲ ಕಲ್ಲು ಹಾಕಬೇಕು. ನೀರು ಹೋಗ್ಲಿ, ಮಣ್ಣು ನಿಲ್ಲಲಿ. ಊರ ಮಂದೀಗಿ ಕರೀರಿ, ನಾ ತೂಬು ಎತ್ತತೇನಿ."

ದಿಬ್ಬದ ಮೇಲೆ ಇದ್ದದ್ದು ಮಕ್ಬೂಲನ ಮನೆಯೊಂದೇ. ಪುತಳಾಬಾಯಿ ಗಂಡನ ಮುಖ ನೋಡಲಿಲ್ಲ. ಸೊಸೆಗೆ ಕಂಬಳಿ ಹೊದಿಸಿದಳು, ಕೂಸನ್ನು ಎದೆಗವಚಿ ಅವಳನ್ನೂ ಕರೆದುಕೊಂಡು ಅಲ್ಲಿಗೇ ನಡೆದಳು.

ಊರವರು ಸೇರಿ ಒರತೆಗೆ ಉಸುಕು, ಹರಳು, ಕಲ್ಲು ಹಾಕಿದರು. ಎರಡು ದಿನ ತೂಬಿನಿಂದ ನೀರು ಹರಿಯಿತು. ಮೂರನೆಯ ದಿನ ಕಟ್ಟೆಯ ಒಂದು ಮಗ್ಗುಲು ಜಾರಿ ಧೊಂಡಿಬಾನ ಗೋಡೆಯ ಮೇಲೆ ಬಿತ್ತು. ನೀರು ಇಳಿದಿದ್ದರಿಂದ ಊರು ಉಳಿಯಿತು. ಬಿದ್ದದ್ದು ಬಾಣಂತಿ ಮಲಗುತ್ತಿದ್ದ ಮೂಲೆ. ಧೊಂಡಿಬಾ ಅದನ್ನು ನೋಡಿಬಂದು ಮಕ್ಬೂಲನ ಮನೆಯ ಜಗುಲಿಯ ಮೇಲೆ ಕೂತ.

"ತಪ್ಪ್ ಮಾತಾಡ್ದೆ ತಮ್ಮಾ. ಮನಸಿನ್ಯಾಗ ಇಟ್ಕೋಬ್ಯಾಡ."

"ಮೆಲ್ಲಕ ಮಾತಾಡ್ರಿ ಕಾಕಾ," ಎಂದ ಮಕ್ಬೂಲ. "ಒಳಗ ಕೂಸು ಮಲಗ್ಯಾದ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ಕಟ್ಟೆಯ ಕೆಳಗೆ ಹೊಸ ನೀರು ಜಿನುಗಿದರೆ ಕೂಡಲೇ ಅಧಿಕಾರಿಗಳಿಗೆ ತಿಳಿಸಿರಿ. ನೀರು ಕದಡಿದ್ದರೆ ಮೊದಲು ಮಕ್ಕಳನ್ನು ಎತ್ತಿಕೊಂಡು ದಿಬ್ಬ ಹತ್ತಿರಿ. ಎಚ್ಚರಿಸಿದವನು ಯಾರ ಪೈಕಿ ಎಂದು ಕೇಳುತ್ತಾ ನಿಲ್ಲಬೇಡಿರಿ.